ಒಂದು ಕಾಫಿ ಮೂಟೆಯ ಜೊತೆ ನಡೆದರೆ: ವ್ಯಾಪಾರಕ್ಕೆ ಬೇಕಾದ ವಿಮೆಗಳ ಟಿಪ್ಪಣಿ

ಚಿಕ್ಕಮಗಳೂರಿನಲ್ಲಿ ನನ್ನ ಜೊತೆ ಬಿ.ಕಾಂ. ಓದುತ್ತಿರುವವರಿಗೆ, ವಿಮಾ ಏಜೆಂಟ್ ಪರೀಕ್ಷೆ ಕಟ್ಟಿರುವವರಿಗೆ ಈ ಟಿಪ್ಪಣಿ. ಪುಸ್ತಕದಲ್ಲಿ ಬೆಂಕಿ ವಿಮೆ, ಸಾಗರ ವಿಮೆ, ಹೊಣೆಗಾರಿಕೆ ವಿಮೆ ಎಂದು ಒಂದೊಂದಕ್ಕೆ ಒಂದೊಂದು ಅಧ್ಯಾಯ. ಹಾಗೆ ಓದಿದಾಗ ಹೆಸರುಗಳು ಬಾಯಿಗೆ ಬಂದವು, ವಿಷಯ ತಲೆಗೆ ಇಳಿಯಲಿಲ್ಲ. ಅದು ಇಳಿದದ್ದು ನಮ್ಮ ದೊಡ್ಡಪ್ಪನ ಕಾಫಿ ಪುಡಿ ಅಂಗಡಿಯಲ್ಲಿ. ಮುಂದೆ ಅಂಗಡಿ, ಹಿಂದೆ ಹುರಿಯುವ ಶೆಡ್, ಅದರ ಪಕ್ಕ ಗೋದಾಮು. ಒಂದು ಮೂಟೆ ಕಾಫಿ ಗೋದಾಮಿಗೆ ಬಂದು ಹೊರಗೆ ಹೋಗುವವರೆಗೂ ಅದರ ಹಿಂದೆಯೇ ನಡೆದು, ಪ್ರತಿ ಜಾಗದಲ್ಲೂ ಎರಡು ಪ್ರಶ್ನೆ ಕೇಳಿದೆ. ಈಗ ಇದು ಹಾಳಾದರೆ ನಷ್ಟ ಯಾರಿಗೆ? ಯಾವ ಕಾರಣದಿಂದ ಹಾಳಾಯಿತು?

ಮೊದಲ ಪ್ರಶ್ನೆಯನ್ನೇ ಪುಸ್ತಕ ‘ವಿಮಾ ಹಿತಾಸಕ್ತಿ’ ಎನ್ನುತ್ತದೆ, ಎರಡನೆಯದನ್ನು ‘ಸಮೀಪದ ಕಾರಣ’ ಎನ್ನುತ್ತದೆ. ‘ಅಂಗಡಿಗೆ ಇನ್ಶೂರೆನ್ಸ್ ಇದೆ’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಇಡೀ ಅಂಗಡಿಗೆ ಎಂಬ ಪಾಲಿಸಿ ಎಲ್ಲೂ ಇಲ್ಲ. ಇಂಥ ವಸ್ತುವಿಗೆ, ಇಂಥ ಕಾರಣದಿಂದ, ಇಂಥ ಜಾಗದಲ್ಲಿ ಆದ ನಷ್ಟಕ್ಕೆ ಎಂದೇ ಬರೆದಿರುತ್ತದೆ. ಒಂದು ಪಾಲಿಸಿ ಮುಗಿದು ಇನ್ನೊಂದು ಶುರುವಾಗುವ ನಡುವಿನ ಸಂದಿಯಲ್ಲೇ ವ್ಯಾಪಾರಿ ಬೀಳುವುದು.

ಗೋದಾಮು: ಬೆಂಕಿ ವಿಮೆ

ಹೆಸರು ಬೆಂಕಿ ವಿಮೆಯಾದರೂ ಸಿಡಿಲು, ಸ್ಫೋಟ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ ಇವೆಲ್ಲ ಇದರೊಳಗೇ ಬರುತ್ತವೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಕಡೆ ಗುಡ್ಡ ಜಾರಿದ್ದನ್ನು ನೋಡಿದವರಿಗೆ ಭೂಕುಸಿತದ ಸಾಲು ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಸಣ್ಣ ವ್ಯಾಪಾರಗಳಿಗೆ ಏಕರೂಪದ ಪಾಲಿಸಿ ತಂದಿದೆ. ಒಂದು ಜಾಗದಲ್ಲಿರುವ ಕಟ್ಟಡ, ಯಂತ್ರ, ಸರಕು ಎಲ್ಲ ಸೇರಿ 5 ಕೋಟಿ ರೂಪಾಯಿವರೆಗೆ ಇದ್ದರೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’, ಅದಕ್ಕೆ ಮೇಲೆ 50 ಕೋಟಿವರೆಗೆ ‘ಭಾರತ್ ಲಘು ಉದ್ಯಮ್ ಸುರಕ್ಷಾ’. ನಮ್ಮೂರಿನ ಹೆಚ್ಚಿನ ಅಂಗಡಿ, ಮಿಲ್ಲುಗಳಿಗೆ ಮೊದಲನೆಯದೇ ಸಾಕು. ಬೆಂಕಿಯ ಗಲಾಟೆಯಲ್ಲಿ ಸರಕು ಕಳುವಾದರೆ, ಘಟನೆಯಾದ 7 ದಿನದೊಳಗಿನ ಕಳ್ಳತನವನ್ನೂ ಇದು ಭರಿಸುತ್ತದೆ. ಆದರೆ ಗೋಡೆ ಮಳೆಗಾಲವಿಡೀ ತೇವ ಹೀರಿ, ನಿಧಾನಕ್ಕೆ ಕಾಫಿ ಮುಗ್ಗಿದರೆ ಹಣ ಬರುವುದಿಲ್ಲ. ಅದು ಅವಘಡವಲ್ಲ, ಉಸ್ತುವಾರಿಯ ಕೊರತೆ.

ಈಗ ನಿಧಾನಕ್ಕೆ ಓದಬೇಕಾದ ಭಾಗ. ದೊಡ್ಡಪ್ಪನ ಪಾಲಿಸಿ ಮನೆಯಲ್ಲಿ ಇರಲೇ ಇಲ್ಲ, ಬ್ಯಾಂಕಿನ ಫೈಲಿನಲ್ಲಿತ್ತು. ಸಾಲ ನವೀಕರಿಸುವಾಗ ಬ್ಯಾಂಕಿನವರೇ ಮಾಡಿಸಿ, ವಿಮೆಯ ಕಂತನ್ನು (ಪ್ರೀಮಿಯಂ) ಖಾತೆಯಿಂದ ಕಡಿದುಕೊಂಡಿದ್ದರು. ಪ್ರತಿ ತರಿಸಿ ನೋಡಿದರೆ ಸರಕಿನ ವಿಮಾ ಮೊತ್ತ 25 ಲಕ್ಷ. ಅಂದರೆ ಸಾಲದ ಮಿತಿ ಎಷ್ಟೋ ಅಷ್ಟೇ. ಅರೇಬಿಕಾ ಕೊಯ್ಲು ಮುಗಿದು ರೋಬಸ್ಟಾ ಬರತೊಡಗುವ ಜನವರಿಯಲ್ಲಿ ಆ ಗೋದಾಮಿನಲ್ಲಿ 40 ಲಕ್ಷದ ಸರಕು ಇರುತ್ತದೆ. ಆಗ 8 ಲಕ್ಷದ ಸರಕು ಸುಟ್ಟಿತು ಎಂದುಕೊಳ್ಳಿ. 25 ಲಕ್ಷಕ್ಕೆ ವಿಮೆ ಇರುವಾಗ 8 ಲಕ್ಷ ಪೂರ್ತಿ ಬರುತ್ತದೆ ಎಂದು ದೊಡ್ಡಪ್ಪ ನಂಬಿದ್ದರು, ನಾನೂ ನಂಬಿದ್ದೆ. ಲೆಕ್ಕ ಹಾಗಲ್ಲ. ಇದ್ದ ಸರಕು 40, ವಿಮೆ ಮಾಡಿಸಿದ್ದು 25. ಉಳಿದ 15 ಲಕ್ಷಕ್ಕೆ ವಿಮೆ ಹೊತ್ತವರು ನಾವೇ. ಹಾಗಾಗಿ ನಷ್ಟವೂ ಅದೇ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ: 8 ಲಕ್ಷವನ್ನು 25ರಿಂದ ಗುಣಿಸಿ 40ರಿಂದ ಭಾಗಿಸಿದರೆ 5 ಲಕ್ಷ. ಮಿಕ್ಕ 3 ಲಕ್ಷ ನಮ್ಮ ಕೈಯಿಂದ. ಇದನ್ನೇ ‘ಸರಾಸರಿ ಷರತ್ತು’ ಎನ್ನುವುದು. ಕೊರತೆ ಶೇ. 15ರೊಳಗೆ ಇದ್ದರೆ ಸೂಕ್ಷ್ಮ ಉದ್ಯಮ್ ಪಾಲಿಸಿಯಲ್ಲಿ ಈ ಕಡಿತವಿಲ್ಲ. ಇಲ್ಲಿ ಕೊರತೆ ಶೇ. 37.5.

ಈ ಪುಟ ಬರೆಯುವಾಗ ನನಗೆ ನಿಜಕ್ಕೂ ಭಯವಾಯಿತು. ಇಷ್ಟು ವರ್ಷ ಒಂದು ಕಿಡಿ ಬೀಳದಿದ್ದದ್ದು ನಮ್ಮ ಪುಣ್ಯ ಅಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ ಸಾಲದ ಮೇಲೆ ವ್ಯಾಪಾರ ಮಾಡುತ್ತಿದ್ದರೆ ಇವತ್ತೇ ಪಾಲಿಸಿಯ ಪ್ರತಿ ಕೇಳಿ ತೆಗೆದುಕೊಳ್ಳಿ. ವರ್ಷದಲ್ಲಿ ಸರಕು ಅತಿ ಹೆಚ್ಚು ಇರುವ ತಿಂಗಳ ಮೌಲ್ಯವನ್ನು ವಿಮಾ ಮೊತ್ತದ ಪಕ್ಕ ಬರೆದು ನೋಡಿ.

ಇನ್ನೊಂದು ಸಂಗತಿ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸಿಕೊಡುವ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಬಹಳ ಮುಖ್ಯ. ಅಲ್ಲಿರುವ ಮೂಟೆಗಳಲ್ಲಿ ಎಷ್ಟೋ ಬೆಳೆಗಾರರವು, ಕ್ಯೂರಿಂಗ್ ಮಾಲೀಕರವಲ್ಲ. ಬೇರೆಯವರು ನಂಬಿ ಇಟ್ಟ ಸರಕೂ ಸೇರಿದೆ ಎಂದು ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆಸದಿದ್ದರೆ ಸಾಮಾನ್ಯ ಬೆಂಕಿ ಪಾಲಿಸಿ ಅದನ್ನು ಮುಟ್ಟುವುದಿಲ್ಲ.

ಹುರಿಯುವ ಶೆಡ್

ಡ್ರಮ್ಮಿನಿಂದ ಬೀಜ ತಣಿಸುವ ತಟ್ಟೆಗೆ ಸುರಿದಾಗ ತೆಳ್ಳನೆಯ ಸಿಪ್ಪೆ ಹಾರುತ್ತದೆ. ಒಣಗಿದ ಈರುಳ್ಳಿ ಸಿಪ್ಪೆಗಿಂತ ಹಗುರ. ಅದು ಹೊಗೆಕೊಳವೆಯ ತಿರುವಿನಲ್ಲಿ ಕೂತು ಬೆರಳು ದಪ್ಪ ಆದಮೇಲೆ ಒಂದು ಕೆಂಡದ ಚೂರು ಸಾಕು. ವಾರಕ್ಕೊಮ್ಮೆ ದೊಡ್ಡಪ್ಪ ಕೊಳವೆ ಬಿಚ್ಚಿ ಬಡಿಯುವುದು ಅದಕ್ಕೇ. ಅಲ್ಲಿಂದ ಬೆಂಕಿ ಹತ್ತಿ ಶೆಡ್ ಸುಟ್ಟರೆ ಶೆಡ್ಡಿಗೆ ಪರಿಹಾರವಿದೆ. ಆದರೆ ಡ್ರಮ್ಮಿನೊಳಗೆ ಹುರಿಯುತ್ತಲೇ ಕರಕಲಾದ ಬೀಜಕ್ಕೆ ಇಲ್ಲ. ಕಾಯಿಸುವ, ಒಣಗಿಸುವ ಕೆಲಸದಿಂದಲೇ ಆ ವಸ್ತುವಿಗೆ ಆದ ಹಾನಿಯನ್ನು ಬೆಂಕಿ ಪಾಲಿಸಿ ಹೊರಗಿಡುತ್ತದೆ. ಡ್ರೈಯರ್ ಇಟ್ಟಿರುವ ತೋಟದವರಿಗೂ ಇದೇ ನಿಯಮ.

ಪುಡಿ ಮಾಡುವ ಯಂತ್ರದ ಮೋಟರ್ ವೋಲ್ಟೇಜ್ ಏರಿ ಸುಟ್ಟರೆ ಅದೂ ಬೆಂಕಿ ವಿಮೆಯಲ್ಲಿ ಬರುವುದಿಲ್ಲ. ಅದಕ್ಕೆ ‘ಯಂತ್ರ ಕೆಡುವಿಕೆ ವಿಮೆ’ ಬೇರೆಯೇ ಇದೆ. ಬಾಯ್ಲರ್ ಇದ್ದವರಿಗೆ ಬಾಯ್ಲರ್ ವಿಮೆ, ಕಂಪ್ಯೂಟರ್ ಮುಂತಾದವಕ್ಕೆ ವಿದ್ಯುನ್ಮಾನ ಉಪಕರಣಗಳ ವಿಮೆ. ಪರೀಕ್ಷೆಗೆ ಹೆಸರು ಗೊತ್ತಿದ್ದರೆ ಸಾಕು.

ಕಳ್ಳತನ ಮೂರು ಬಗೆ

ಬೀಗ ಒಡೆದು ಒಳನುಗ್ಗಿದರೆ ‘ಕನ್ನಗಳವು ವಿಮೆ’. ಬಲಪ್ರಯೋಗದ ಗುರುತು ಇರಲೇಬೇಕು ಎಂದು ಪಾಲಿಸಿಯಲ್ಲಿ ಬರೆದಿದ್ದರೆ ಅದನ್ನು ಬರೆದಂತೆಯೇ ಓದಬೇಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ನಕಲಿ ಕೀಲಿಯಿಂದ ಸದ್ದಿಲ್ಲದೆ ಒಯ್ದರೆ ಕ್ಲೇಮ್ ಕಷ್ಟ. ನಮ್ಮ ಗುಮಾಸ್ತನೇ ಲೆಕ್ಕ ತಿದ್ದಿ ಹಣ ಹೊಡೆದರೆ ‘ನಿಷ್ಠಾ ಖಾತರಿ ವಿಮೆ’. ಬ್ಯಾಂಕಿಗೆ ಕಟ್ಟಲು ಒಯ್ಯುವಾಗ ದಾರಿಯಲ್ಲಿ ದೋಚಿದರೆ ‘ಹಣ ವಿಮೆ’. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇದ್ದಂತಲ್ಲ.

ಲಾರಿ ಹತ್ತಿದ ಮೇಲೆ

ಮೂಟೆ ಶಿರಾಡಿ ಘಾಟಿ ಇಳಿದು ಮಂಗಳೂರು ಬಂದರಿಗೆ ಹೋಗುತ್ತದೆ. ಗೇಟು ದಾಟಿದ ಕೂಡಲೇ ಗೋದಾಮಿನ ಪಾಲಿಸಿ ಕೈ ಬಿಡುತ್ತದೆ. ಇನ್ನು ‘ಸಾಗಣೆ ವಿಮೆ’ ಬೇಕು. ರಸ್ತೆಯ ಸಾಗಣೆಗೂ ‘ಮರೀನ್’ ಎಂಬ ಹೆಸರೇ ಇರುವುದರಿಂದ ಎಷ್ಟೋ ಜನ ಇದು ಹಡಗಿನವರ ವಿಷಯ ಎಂದು ಪುಟ ತಿರುಗಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಲಾರಿಯವರಿಗೆ ಇನ್ಶೂರೆನ್ಸ್ ಇದೆಯಲ್ಲ ಎಂಬ ಮಾತೂ ಉಪಯೋಗಕ್ಕಿಲ್ಲ. ಮೋಟಾರು ವಾಹನ ಕಾಯ್ದೆ 1988ರ 146ನೇ ಕಲಂ ಕಡ್ಡಾಯ ಮಾಡಿರುವುದು ಮೂರನೆಯವರಿಗೆ ಆಗುವ ಹಾನಿಯ ವಿಮೆಯನ್ನು. ಅದು ಲಾರಿಯೊಳಗಿನ ನಮ್ಮ ಕಾಫಿಯನ್ನು ಕಾಯುವುದಿಲ್ಲ.

ಸಾಗಣೆದಾರನಿಂದ ಪರಿಹಾರ ಕೇಳಬೇಕಾದರೆ 2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ ಸರಕು ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ವಿಮೆ ಇದ್ದವರೂ ಕೊಡಲೇಬೇಕು. ನಮಗೆ ಹಣ ಕೊಟ್ಟ ಮೇಲೆ ಕಂಪನಿ ನಮ್ಮ ಜಾಗದಲ್ಲಿ ನಿಂತು ಸಾಗಣೆದಾರನಿಂದ ವಸೂಲಿ ಮಾಡುತ್ತದೆ. ನೋಟಿಸ್ ಕೊಡದೆ ಆ ಹಕ್ಕನ್ನು ನಾವೇ ಕೆಡಿಸಿದರೆ ನಮ್ಮ ಕ್ಲೇಮಿಗೂ ತೊಡಕು. ‘ಪ್ರತಿನಿಧಾನ’ ಎಂಬ ತತ್ವ ನಿಜವಾಗಿ ಕೆಲಸ ಮಾಡುವುದು ಇಲ್ಲಿ.

ಕೆಲಸದವರು

ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸು ಕೊಯ್ಯಲು ಅಲ್ಯೂಮಿನಿಯಂ ಏಣಿ ಎತ್ತಿ ತಿರುಗಿಸುವಾಗ ಮೇಲಿನ ವಿದ್ಯುತ್ ತಂತಿಗೆ ತಾಗುವುದು ನಮ್ಮ ಕಡೆ ಪ್ರತಿ ಕೊಯ್ಲಿನಲ್ಲೂ ಕಾಡುವ ಆತಂಕ. 1923ರ ನೌಕರರ ಪರಿಹಾರ ಕಾಯ್ದೆ ಹಾಕಿಕೊಟ್ಟ ತತ್ವ, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿರುವ ತತ್ವ ಇಷ್ಟು: ಕೆಲಸದ ವೇಳೆ, ಕೆಲಸದಿಂದಾಗಿ ಸಾವು ಸಂಭವಿಸಿದರೆ ಮಾಲೀಕ ಪರಿಹಾರ ಕೊಡಬೇಕು. ಮಾಲೀಕನ ತಪ್ಪು ಎಂದು ಸಾಬೀತು ಮಾಡಬೇಕಾಗಿಲ್ಲ. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸುತ್ತಾರೆ. 40 ವರ್ಷಕ್ಕೆ ಗುಣಾಂಕ 184.17. ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದವರಾದರೆ 6,000 ಗುಣಿಸು 184.17, ಅಂದರೆ 11,05,020 ರೂಪಾಯಿ. ಐದು ಎಕರೆ ಇಟ್ಟುಕೊಂಡವರು ಒಂದೇ ಸಲಕ್ಕೆ ಎಲ್ಲಿಂದ ತರಬೇಕು? ಅದಕ್ಕಿಂತ ಹೆಚ್ಚಾಗಿ, ದುಡಿಯುವ ಕೈ ಕಳೆದುಕೊಂಡ ಮನೆಯವರು ಯಾರ ಬಾಗಿಲಿಗೆ ಅಲೆಯಬೇಕು? ಇಎಸ್‌ಐ (ಸರ್ಕಾರದ ನೌಕರರ ರಾಜ್ಯ ವಿಮಾ ಯೋಜನೆ) ಇಲ್ಲದ ಕಡೆ ‘ನೌಕರರ ಪರಿಹಾರ ವಿಮೆ’ಯೇ ದಾರಿ.

‘ಅವರನ್ನು ಮೇಸ್ತ್ರಿ ಕರೆತಂದದ್ದು, ನಮಗೆ ಸಂಬಂಧವಿಲ್ಲ’ ಎನ್ನಲು ಬರುವುದಿಲ್ಲ. ಗುತ್ತಿಗೆದಾರನ ಮೂಲಕ ಬಂದವರಿಗೂ ಕೆಲಸ ಕೊಟ್ಟ ಮಾಲೀಕನೇ ಮೊದಲು ಹೊಣೆ, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ಪಾಲಿಸಿ ತೆಗೆಯುವಾಗ ಗುತ್ತಿಗೆ ಕೆಲಸದವರನ್ನೂ ಸೇರಿಸಿ ಸಂಖ್ಯೆ, ಕೂಲಿ ಬರೆಸಬೇಕು. ಕಂತು ಉಳಿಸಲು ಹತ್ತು ಜನರನ್ನು ನಾಲ್ಕು ಎಂದು ಬರೆಸುವುದು ನನ್ನ ಪ್ರಕಾರ ಕ್ರೌರ್ಯ.

ಹೊರಗಿನವರು

ಹೋಮ್‌ಸ್ಟೇಗೆ ಬಂದವರು ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರೆ ‘ಸಾರ್ವಜನಿಕ ಹೊಣೆಗಾರಿಕೆ ವಿಮೆ’. ಇದೇ ಹೆಸರಿನ 1991ರ ಕಾಯ್ದೆಯೊಂದಿದೆ, ಗೊಂದಲ ಬೇಡ. ಅದು ಭೋಪಾಲ್ ದುರಂತದ ನಂತರ ಅಪಾಯಕಾರಿ ರಾಸಾಯನಿಕ ಬಳಸುವ ಘಟಕಗಳಿಗೆ ವಿಮೆಯನ್ನು ಕಡ್ಡಾಯ ಮಾಡಿದ ಕಾಯ್ದೆ. ನಮ್ಮ ಪುಡಿಯಲ್ಲಿ ಯಂತ್ರದ ಲೋಹದ ಚೂರು ಸೇರಿ ಗ್ರಾಹಕರಿಗೆ ಹಾನಿಯಾದರೆ ‘ಉತ್ಪನ್ನ ಹೊಣೆಗಾರಿಕೆ ವಿಮೆ’. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ವೈದ್ಯರು, ಲೆಕ್ಕಪರಿಶೋಧಕರು, ಎಂಜಿನಿಯರುಗಳಿಗೆ ‘ವೃತ್ತಿಪರ ಹೊಣೆಗಾರಿಕೆ ವಿಮೆ’.

ಬಾಗಿಲು ಮುಚ್ಚಿದ ದಿನಗಳು

ಶೆಡ್ ಸುಟ್ಟರೆ ಕಟ್ಟಿಸಲು ಹಣ ಬಂತು, ಸರಿ. ಕಟ್ಟಿ ಮುಗಿಯುವ ಆರು ತಿಂಗಳು ಸಂಬಳ, ಬಡ್ಡಿ, ಬಾಡಿಗೆ ನಿಲ್ಲುತ್ತವೆಯೇ? ಇದಕ್ಕೆ ಇರುವುದು ‘ಲಾಭನಷ್ಟ ವಿಮೆ’, ಅಂದರೆ ವ್ಯಾಪಾರ ನಿಂತಾಗ ಕೈತಪ್ಪುವ ಲಾಭಕ್ಕೆ ವಿಮೆ. ಮತ್ತೆ ಮೊದಲಿನ ಸ್ಥಿತಿಗೆ ಬರಲು ಎಷ್ಟು ಕಾಲ ಬೇಕೆಂದು ನಾವೇ ಅಂದಾಜಿಸಿ ಪರಿಹಾರದ ಅವಧಿ ಆರಿಸಬೇಕು. ಯಂತ್ರ ಹೊರಗಿನಿಂದ ಬರಬೇಕಾದರೆ ಅವಧಿ ಉದ್ದವಿರಲಿ.

ಆದರೆ ಇದು ಬೆಂಕಿ ಪಾಲಿಸಿಯ ಹೆಗಲ ಮೇಲೆ ಕೂತ ಪಾಲಿಸಿ. ನಮ್ಮ ಆಸ್ತಿಗೆ ಕಣ್ಣಿಗೆ ಕಾಣುವ ಹಾನಿ ಆಗದೆ ಇದು ಏಳುವುದೇ ಇಲ್ಲ. ಮಳೆಗೆ ಘಾಟಿ ಬಂದ್ ಆಯಿತು, ಮುಳ್ಳಯ್ಯನಗಿರಿಗೆ ಪ್ರವಾಸಿಗರನ್ನು ಬಿಡಲಿಲ್ಲ, ಹೋಮ್‌ಸ್ಟೇ ಹದಿನೈದು ದಿನ ಖಾಲಿ ಬಿತ್ತು. ಹಂಚು ಕೂಡ ಅಲುಗಾಡಿಲ್ಲ, ಹಾಗಾಗಿ ಸಾಮಾನ್ಯ ಪಾಲಿಸಿಯಲ್ಲಿ ಒಂದು ರೂಪಾಯಿಯೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ದೇಶದುದ್ದಕ್ಕೂ ವ್ಯಾಪಾರಿಗಳು ಎಡವಿದ್ದು ಈ ಸಾಲಿನ ಮೇಲೆಯೇ.

ವ್ಯಾಪಾರ ಒಬ್ಬರ ಅನುಭವದ ಮೇಲೆ ನಿಂತಿದ್ದರೆ ಅವರ ಜೀವಕ್ಕೆ ಸಂಸ್ಥೆ ಮಾಡಿಸುವ ‘ಕೀಮ್ಯಾನ್ ವಿಮೆ’, ಗ್ರಾಹಕರ ಮಾಹಿತಿ ಇಟ್ಟುಕೊಳ್ಳುವವರಿಗೆ ‘ಸೈಬರ್ ವಿಮೆ’ ಇವೆ. ಚಿಕ್ಕ ಅಂಗಡಿಯವರು ಬೆಂಕಿ, ಕನ್ನಗಳವು, ಹಣ, ಹೊಣೆಗಾರಿಕೆ ಎಲ್ಲ ಒಟ್ಟಿಗಿರುವ ‘ಅಂಗಡಿಕಾರರ ಪ್ಯಾಕೇಜ್’ ಕೇಳಬಹುದು.

ಕಂತು ಮುಂಗಡ ಸಲ್ಲಿಕೆಯಾಗದೆ ವಿಮೆ ಜಾರಿಗೆ ಬರುವುದಿಲ್ಲ. ಇದು 1938ರ ವಿಮಾ ಕಾಯ್ದೆಯ 64ವಿಬಿ ಕಲಂ, ಪರೀಕ್ಷೆಗೆ ನೆನಪಿಡಿ. ಕ್ಲೇಮ್ ತಿರಸ್ಕರಿಸಿದರೆ ಏಕಮಾಲೀಕತ್ವದ ವ್ಯಾಪಾರಿಗಳು, ಸೂಕ್ಷ್ಮ ಉದ್ಯಮಗಳು ವಿಮೆಯ ದೂರು ವಿಚಾರಿಸುವ ಅಧಿಕಾರಿಯಾದ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮೊದಲು ಕಂಪನಿಗೇ ಬರೆದು ಕೇಳಿರಬೇಕು.

ಬಿಡಿಸಿ ನೋಡಿ

ಒಂದು: ಪರಿಚಯದ ಬೆಳೆಗಾರರು 3 ಲಕ್ಷದ ಮೆಣಸನ್ನು ದೊಡ್ಡಪ್ಪನ ಗೋದಾಮಿನಲ್ಲಿ ಇಟ್ಟಿದ್ದರು. ಬೆಂಕಿಗೆ ಹೋಯಿತು. ಪಾಲಿಸಿಯಲ್ಲಿ ‘ಸರಕು’ ಎಂದಷ್ಟೇ ಇದೆ. ಉತ್ತರ: ಮೆಣಸಿಗೆ ಪರಿಹಾರವಿಲ್ಲ. ಬೆಳೆಗಾರರು ದೊಡ್ಡಪ್ಪನನ್ನೇ ಕೇಳಬಹುದು. ತನ್ನ ಸ್ವಂತ ಸರಕನ್ನು ನೋಡಿಕೊಳ್ಳುವಷ್ಟು ಎಚ್ಚರ ವಹಿಸಿದ್ದರೇ ಎಂಬುದರ ಮೇಲೆ, 1872ರ ಕರಾರು ಕಾಯ್ದೆಯ 151ನೇ ಕಲಂ ಪ್ರಕಾರ ತೀರ್ಮಾನ.

ಎರಡು: ಮೋಟರ್‌ನಲ್ಲಿ ಶಾರ್ಟ್ ಸರ್ಕಿಟ್ ಆಗಿ ಮೋಟರ್ ಸುಟ್ಟು, ಬೆಂಕಿ ಮೂಟೆಗಳಿಗೂ ಹಬ್ಬಿತು. ಉತ್ತರ: ಬೆಂಕಿ ಪಾಲಿಸಿಯಲ್ಲಿ ಮೂಟೆಗಳಿಗೆ ಇದೆ, ಆ ಮೋಟರ್‌ಗೆ ಇಲ್ಲ.

ಮೂರು: ಸರಕಿನ ಮೌಲ್ಯ 30 ಲಕ್ಷ, ವಿಮಾ ಮೊತ್ತ 27 ಲಕ್ಷ, ನಷ್ಟ 6 ಲಕ್ಷ. ಉತ್ತರ: ಕೊರತೆ ಶೇ. 10. ಸೂಕ್ಷ್ಮ ಉದ್ಯಮ್ ಪಾಲಿಸಿಯಾದರೆ ಪೂರ್ತಿ 6 ಲಕ್ಷ. ಆ ರಿಯಾಯಿತಿ ಇಲ್ಲದ ಪಾಲಿಸಿಯಾದರೆ 5,40,000 ರೂಪಾಯಿ.