ರೆಕಾರ್ಡ್ ಒತ್ತುವ ಮೊದಲು: ಎಡಿಟಿಂಗ್‌ಗೆ ಒಗ್ಗುವ ಕ್ಯಾಮೆರಾ ಸೆಟ್ಟಿಂಗ್‌ಗಳು

ಮನೆಯಲ್ಲೇ ಕುಳಿತು ವಿಡಿಯೊ ಎಡಿಟ್ ಮಾಡುವ ಬಹಳಷ್ಟು ಮಂದಿ ಕ್ಯಾಮೆರಾದ ಮೆನು ತೆರೆದು ಅಲ್ಲಿ ಕಾಣುವ ದೊಡ್ಡ ಸಂಖ್ಯೆಗಳನ್ನೆಲ್ಲ ಆರಿಸಿಬಿಡುತ್ತಾರೆ. 4ಕೆ, 60 ಫ್ರೇಮ್, 10 ಬಿಟ್, ಎಚ್.265. ಶೂಟಿಂಗ್ ದಿನ ಯಾವ ತೊಂದರೆಯೂ ಕಾಣುವುದಿಲ್ಲ. ಫೈಲುಗಳನ್ನು ಟೈಮ್‌ಲೈನ್‌ಗೆ ಎಳೆದು ಪ್ಲೇ ಒತ್ತಿದಾಗ ಚಿತ್ರ ಮುಗ್ಗರಿಸುತ್ತದೆ, ಮಾತಿಗೂ ತುಟಿಗೂ ತಾಳ ತಪ್ಪುತ್ತದೆ, ಫ್ಯಾನ್ ಜೋರಾಗಿ ತಿರುಗತೊಡಗುತ್ತದೆ. ಆಗ ಬೈಗುಳ ತಿನ್ನುವುದು ಎಡಿಟಿಂಗ್ ಸಾಫ್ಟ್‌ವೇರ್. ಅದರ ತಪ್ಪು ಅಪರೂಪ.

ಸೆಟ್ಟಿಂಗ್‌ಗಳನ್ನು ಕೊನೆಯಿಂದ ಆರಂಭಕ್ಕೆ ಬರುತ್ತಾ ನಿರ್ಧರಿಸಬೇಕು. ವಿಡಿಯೊವನ್ನು ಜನ ಯಾವ ಪರದೆಯಲ್ಲಿ ನೋಡುತ್ತಾರೆ, ಯಾವ ಕಂಪ್ಯೂಟರ್‌ನಲ್ಲಿ ಎಡಿಟ್ ಮಾಡುತ್ತೀರಿ ಎಂಬುದು ಮೊದಲು ಖಚಿತವಾಗಲಿ, ಕ್ಯಾಮೆರಾ ಆಮೇಲೆ. ಇನ್ನೊಂದು ವಿಷಯವೂ ತಲೆಯಲ್ಲಿರಲಿ: ಕೆಲವು ಸೆಟ್ಟಿಂಗ್‌ಗಳನ್ನು ಆಮೇಲೆ ಸರಿಪಡಿಸಬಹುದು, ಕೆಲವನ್ನು ಆಗುವುದೇ ಇಲ್ಲ. ಕೋಡೆಕ್, ಅಂದರೆ ವಿಡಿಯೊವನ್ನು ಕುಗ್ಗಿಸಿ ಬರೆಯುವ ಎಚ್.265ರಂಥ ವಿಧಾನ, ಸರಿಹೋಗದಿದ್ದರೆ ಕನ್ವರ್ಟ್ ಮಾಡಿಕೊಳ್ಳಬಹುದು. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಮತ್ತು ಶಟರ್ ಸ್ಪೀಡ್ (ಪ್ರತಿ ಚಿತ್ರಕ್ಕೆ ಎಷ್ಟು ಹೊತ್ತು ಬೆಳಕು) ತಪ್ಪಿದರೆ ಆ ಶಾಟ್ ಹೋದಂತೆಯೇ. ಆದ್ದರಿಂದ ಅವೆರಡನ್ನೇ ಮೊದಲು ನೋಡೋಣ.

ಒಂದು ಪ್ರಾಜೆಕ್ಟ್‌ಗೆ ಒಂದೇ ಫ್ರೇಮ್ ರೇಟ್ ಇರಲಿ. 25 ಅಥವಾ 30, ಯಾವುದಾದರೂ ಸರಿ, ಆದರೆ ಬಳಸುವ ಎಲ್ಲ ಕ್ಯಾಮೆರಾಗಳೂ ಫೋನುಗಳೂ ಅದರಲ್ಲೇ ರೆಕಾರ್ಡ್ ಮಾಡಲಿ. 25ರ ಕ್ಲಿಪ್ಪನ್ನು 30ರ ಟೈಮ್‌ಲೈನ್‌ಗೆ ಹಾಕಿದರೆ ಸಾಫ್ಟ್‌ವೇರ್ ಪ್ರತಿ ಸೆಕೆಂಡಿಗೆ ಐದು ಫ್ರೇಮ್‌ಗಳನ್ನು ಎರಡೆರಡು ಸಲ ತೋರಿಸಿ ಲೆಕ್ಕ ಹೊಂದಿಸುತ್ತದೆ. ಕುಳಿತು ಮಾತನಾಡುವವರ ಶಾಟ್‌ನಲ್ಲಿ ಅದು ಗೊತ್ತಾಗದು. ಕ್ಯಾಮೆರಾ ಎಡದಿಂದ ಬಲಕ್ಕೆ ತಿರುಗುವ ಶಾಟ್‌ನಲ್ಲಿ ಮಾತ್ರ ಕಂಬಗಳು, ಗೋಡೆಯ ಅಂಚುಗಳು ಜಗ್ಗಿ ಜಗ್ಗಿ ಸಾಗುತ್ತವೆ. 50ರದ್ದನ್ನು 25ಕ್ಕೆ, 60ರದ್ದನ್ನು 30ಕ್ಕೆ ಹಾಕುವುದರಲ್ಲಿ ತೊಂದರೆಯಿಲ್ಲ, ಒಂದು ಬಿಟ್ಟು ಒಂದು ಫ್ರೇಮ್ ತೆಗೆದರಾಯಿತು. ಕ್ಯಾಮೆರಾ 30 ಎಂದು ತೋರಿಸುವುದು ಸಾಮಾನ್ಯವಾಗಿ 29.97. ನಿಜವಾದ 30ರ ಜೊತೆ ಅದನ್ನು ಬೆರೆಸಿದರೆ ಸುಮಾರು 33 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಹೆಚ್ಚುಕಮ್ಮಿ ಆಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಆದರೆ 29.97ರ ಕ್ಲಿಪ್ಪನ್ನು 30 ಎಂದು ಬಲವಂತವಾಗಿ ಓದಿಸಿ, ಬೇರೆ ರೆಕಾರ್ಡರ್‌ನ ಧ್ವನಿಯನ್ನು ಕೂಡಿಸಿದರೆ ಗಂಟೆಗೆ 3.6 ಸೆಕೆಂಡ್ ಅಂತರ ಬಂದುಬಿಡುತ್ತದೆ.

ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಪ್ರಾಜೆಕ್ಟ್‌ನ ಫ್ರೇಮ್ ರೇಟನ್ನು ಕ್ಲಿಪ್‌ಗಳನ್ನು ಒಳಗೆ ತರುವ ಮೊದಲೇ ಹೊಂದಿಸಬೇಕು, ತಂದ ಮೇಲೆ ಆ ಆಯ್ಕೆ ಬೀಗ ಹಾಕಿಕೊಳ್ಳುತ್ತದೆ.

25 ಮತ್ತು 30ರ ನಡುವೆ ಯಾವುದು ಎಂಬುದನ್ನು ತೀರ್ಮಾನಿಸುವುದು ಹೆಚ್ಚಾಗಿ ಕೋಣೆಯ ದೀಪ. ವಿದ್ಯುತ್ 50 ಹರ್ಟ್ಜ್ ಇರುವ ಕಡೆ ಟ್ಯೂಬ್‌ಲೈಟ್‌ಗಳೂ ಸಾಧಾರಣ ಎಲ್‌ಇಡಿ ಬಲ್ಬ್‌ಗಳೂ ಸೆಕೆಂಡಿಗೆ 100 ಸಲ ಮಿನುಗುತ್ತವೆ, 60 ಹರ್ಟ್ಜ್ ಇರುವ ಕಡೆ 120 ಸಲ. 50 ಹರ್ಟ್ಜ್ ದೀಪದ ಕೆಳಗೆ ಶಟರ್ 1/50 ಇದ್ದರೆ ಪ್ರತಿ ಫ್ರೇಮ್‌ಗೂ ಸರಿಯಾಗಿ ಎರಡು ಮಿನುಗಿನ ಬೆಳಕು ಸಿಗುತ್ತದೆ, 1/100 ಇದ್ದರೆ ಒಂದು. 1/60 ಇಟ್ಟರೆ ಒಂದೂ ಮುಕ್ಕಾಲರ ಹತ್ತಿರ ಏನೋ ಒಂದು ಸಿಗುತ್ತದೆ, ಅದೂ ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತದೆ. ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ ಈ ವ್ಯತ್ಯಾಸ ಬಿಳಿ ಗೋಡೆಯ ಮೇಲೆ ಅಡ್ಡಪಟ್ಟಿಗಳಾಗಿ ಮೂಡಿ ನಿಧಾನವಾಗಿ ಮೇಲೆ ಕೆಳಗೆ ತೇಲುತ್ತದೆ. ಎಡಿಟಿಂಗ್‌ನಲ್ಲಿ ಇದನ್ನು ಅಳಿಸುವ ಪ್ಲಗಿನ್‌ಗಳಿವೆ, ಆದರೆ ಫಲಿತಾಂಶ ನನಗೆಂದೂ ತೃಪ್ತಿ ಕೊಟ್ಟಿಲ್ಲ.

ಶಟರ್‌ಗೆ ರೂಢಿಯ ಲೆಕ್ಕ ಫ್ರೇಮ್ ರೇಟಿನ ಎರಡರಷ್ಟು: 25ಕ್ಕೆ 1/50, 30ಕ್ಕೆ 1/60. ಹಾಗಾಗಿ 50 ಹರ್ಟ್ಜ್ ದೀಪದ ಕೆಳಗೆ 25 ಫ್ರೇಮ್ ಮತ್ತು 1/50 ತಾವಾಗಿಯೇ ಜೋಡಿಯಾಗುತ್ತವೆ. ಅಲ್ಲೇ 30 ಫ್ರೇಮ್ ಬೇಕೇ ಬೇಕೆಂದರೆ ಶಟರನ್ನು 1/50 ಅಥವಾ 1/100ಕ್ಕೆ ಕೈಯಿಂದಲೇ ಇಡಿ, ರೂಢಿಯ ಲೆಕ್ಕ ಸ್ವಲ್ಪ ತಪ್ಪಿದರೂ ಪಟ್ಟಿ ಬರುವುದಿಲ್ಲ. ಮೆನುವಿನಲ್ಲಿ 25, 50 ಕಾಣಿಸದಿದ್ದರೆ ಕ್ಯಾಮೆರಾ 30, 60 ಫ್ರೇಮ್‌ಗಳ ಎನ್‌ಟಿಎಸ್‌ಸಿ ಮೋಡ್‌ನಲ್ಲಿದೆ ಎಂದರ್ಥ. 25, 50ರ ಪಾಲ್‌ಗೆ ಬದಲಿಸಿ. ಕೆಲವು ಕ್ಯಾಮೆರಾಗಳು ಬದಲಿಸಿದ ಮೇಲೆ ಕಾರ್ಡ್ ಫಾರ್ಮ್ಯಾಟ್ ಮಾಡಲು ಕೇಳುತ್ತವೆ, ಅದಕ್ಕೇ ಈ ಕೆಲಸವನ್ನು ಶೂಟಿಂಗ್ ನಡುವೆ ಇಟ್ಟುಕೊಳ್ಳಬೇಡಿ.

ಹೊರಗಿನ ಬಿಸಿಲಿನಲ್ಲಿ 1/50 ಇಟ್ಟರೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಕ್ಯಾಮೆರಾವನ್ನು ಆಟೊಗೆ ಬಿಟ್ಟರೆ ಶಟರ್ 1/1000 ದಾಟುತ್ತದೆ, ನಡೆಯುವವರ ಕೈಕಾಲು ತುಂಡುತುಂಡಾಗಿ ಚಲಿಸಿದಂತೆ ಕಾಣುತ್ತದೆ. ಇದಕ್ಕೆ ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಕಪ್ಪು ಗಾಜು, ಅಂದರೆ ಎನ್‌ಡಿ ಫಿಲ್ಟರ್ ಬೇಕು. ಎನ್‌ಡಿ8 ಬೆಳಕನ್ನು ಮೂರು ಸ್ಟಾಪ್ ತಗ್ಗಿಸುತ್ತದೆ (ಒಂದು ಸ್ಟಾಪ್ ತಗ್ಗಿದರೆ ಬೆಳಕು ಅರ್ಧ), ಎನ್‌ಡಿ64 ಆರು ಸ್ಟಾಪ್. ಫಿಲ್ಟರ್ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಸುಟ್ಟ ಆಕಾಶಕ್ಕಿಂತ ತುಸು ಒರಟಾದ ಚಲನೆಯೇ ಮೇಲು.

50 ಅಥವಾ 60 ಫ್ರೇಮ್ ಬೇಕಾಗುವುದು ಎರಡೇ ಸಂದರ್ಭದಲ್ಲಿ: ಆಟೋಟದಂಥ ವೇಗದ ಚಲನೆಯನ್ನು ಅದೇ ರೇಟಿನಲ್ಲಿ ತೋರಿಸುವಾಗ, ಇಲ್ಲವೇ ಅರ್ಧ ವೇಗಕ್ಕೆ ನಿಧಾನಗೊಳಿಸುವಾಗ. ಉಳಿದೆಡೆ ಅದು ಫೈಲನ್ನು ಹಿಗ್ಗಿಸುತ್ತದೆ, ಶಟರ್ ಇಮ್ಮಡಿ ಆಗುವುದರಿಂದ ಒಂದು ಸ್ಟಾಪ್ ಬೆಳಕನ್ನೂ ನುಂಗುತ್ತದೆ. ಕತ್ತಲ ಕೋಣೆಯಲ್ಲಿ 60 ಫ್ರೇಮ್ ಇಟ್ಟು, ಚಿತ್ರದ ತುಂಬ ಕಾಳು ಎಂದು ಕ್ಯಾಮೆರಾವನ್ನು ದೂರಿ ಪ್ರಯೋಜನವಿಲ್ಲ.

ಫೋನ್‌ಗಳ ಕಥೆ ಬೇರೆ. ಹೆಚ್ಚಿನ ಫೋನ್‌ಗಳು ಫ್ರೇಮ್‌ಗಳನ್ನು ಸಮ ಅಂತರದಲ್ಲಿ ಬರೆಯುವುದಿಲ್ಲ. ಬೆಳಕು ಕಡಿಮೆಯಾದಾಗ ಎಕ್ಸ್‌ಪೋಷರ್ ಹೆಚ್ಚಿಸಲು ಫ್ರೇಮ್ ರೇಟನ್ನೇ ಇಳಿಸುವುದುಂಟು. ಇದನ್ನು ವೇರಿಯಬಲ್ ಫ್ರೇಮ್ ರೇಟ್ ಎನ್ನುತ್ತಾರೆ. ಫೋನಿನಲ್ಲಿ ನೋಡುವಾಗ ಎಲ್ಲವೂ ಸರಿ, ಏಕೆಂದರೆ ಪ್ಲೇಯರ್ ಪ್ರತಿ ಫ್ರೇಮ್‌ನ ಸಮಯವನ್ನು ಓದಿಕೊಳ್ಳುತ್ತದೆ. ಎಡಿಟಿಂಗ್ ಟೈಮ್‌ಲೈನ್‌ಗೆ ಸಮ ಅಂತರದ ಫ್ರೇಮ್‌ಗಳೇ ಬೇಕು. ಕ್ಲಿಪ್‌ನ ಮೊದಲ ನಿಮಿಷದಲ್ಲಿ ಮಾತು ತುಟಿಗೆ ಹೊಂದುತ್ತದೆ, ಹತ್ತನೇ ನಿಮಿಷಕ್ಕೆ ಬಂದಾಗ ತುಟಿ ಮುಚ್ಚಿದ ಮೇಲೂ ಪದ ಕೇಳಿಸುತ್ತಿರುತ್ತದೆ. ಧ್ವನಿಯನ್ನು ಹಿಂದಕ್ಕೆ ಸರಿಸಿದರೆ ಕೊನೆ ಸರಿಹೋಗಿ ಆರಂಭ ಕೆಡುತ್ತದೆ. ಹೀಗೆ ಹೊತ್ತು ಹೋದಂತೆ ಹೆಚ್ಚುವ ಅಂತರ ಕಂಡರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಮೀಡಿಯಾಇನ್ಫೊ ಎಂಬ ಉಚಿತ ಸಾಧನದಲ್ಲಿ ಫೈಲ್ ತೆರೆದು ಫ್ರೇಮ್ ರೇಟ್ ಮೋಡ್ ಎಂಬ ಸಾಲು ನೋಡಿ, ವೇರಿಯಬಲ್ ಎಂದಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಕನ್ವರ್ಟ್ ಮಾಡಿ. ವಿಡಿಯೊ ಟ್ಯಾಬ್‌ನಲ್ಲಿ ಫ್ರೇಮ್ ರೇಟ್ ಸಂಖ್ಯೆಯನ್ನು ನೀವೇ ಆರಿಸಿ, ಕಾನ್‌ಸ್ಟಂಟ್ ಎಂಬುದಕ್ಕೆ ಗುರುತು ಹಾಕಿ, ಗುಣಮಟ್ಟದ ಆರ್‌ಎಫ್ ಅನ್ನು 16ರಿಂದ 18ರ ನಡುವೆ ಇಡಿ. ಆರ್‌ಎಫ್ ಇಳಿದಷ್ಟೂ ಗುಣಮಟ್ಟ ಏರುತ್ತದೆ, ಫೈಲೂ ಬೆಳೆಯುತ್ತದೆ. ಎಡಿಟಿಂಗ್ ಅರ್ಧ ಆದಮೇಲೆ ಕನ್ವರ್ಟ್ ಮಾಡಿದರೆ ಕಟ್‌ಗಳೆಲ್ಲ ಜರುಗುತ್ತವೆ, ಆದ್ದರಿಂದ ಇದು ಮೊದಲ ಕೆಲಸವೇ ಆಗಿರಲಿ. ಐಫೋನ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್‌ನ ರೆಕಾರ್ಡ್ ವಿಡಿಯೊ ಭಾಗದಲ್ಲಿರುವ ಆಟೊ ಎಫ್‌ಪಿಎಸ್ ಅನ್ನು ಆಫ್ ಮಾಡಿದರೆ ಕತ್ತಲಲ್ಲಿ ರೇಟ್ ಇಳಿಯುವುದು ತಪ್ಪುತ್ತದೆ. ಅಲ್ಲೇ ಎಚ್‌ಡಿಆರ್ (ಹೊಳಪಿನ ವ್ಯಾಪ್ತಿ ಹೆಚ್ಚಿರುವ) ವಿಡಿಯೊ ಆಯ್ಕೆಯನ್ನೂ ಆಫ್ ಮಾಡಿ. ಎಚ್‌ಡಿಆರ್ ಕ್ಲಿಪ್ಪನ್ನು ಸಾಮಾನ್ಯ ಟೈಮ್‌ಲೈನ್‌ಗೆ ಹಾಕಿದಾಗ ಮುಖಗಳು ಅತಿಯಾಗಿ ಬೆಳಗುವುದು ಅಥವಾ ಬಣ್ಣ ತೊಳೆದುಹೋದಂತೆ ಕಾಣುವುದು ಅದರಿಂದಲೇ.

ರೆಸಲ್ಯೂಷನ್ ವಿಚಾರದಲ್ಲಿ ಇಷ್ಟೊಂದು ಆತಂಕ ಬೇಡ. ಕೊನೆಯ ವಿಡಿಯೊ 1080ಪಿ ಆಗಿದ್ದರೂ 4ಕೆಯಲ್ಲಿ ಶೂಟ್ ಮಾಡುವುದಕ್ಕೆ ಅರ್ಥವಿದೆ: ಅಗಲ ಎತ್ತರ ಎರಡೂ ಇಮ್ಮಡಿ ಇರುವುದರಿಂದ ಚಿತ್ರವನ್ನು ಎರಡರಷ್ಟು ಹಿಗ್ಗಿಸಿದರೂ ಸ್ಪಷ್ಟತೆ ಉಳಿಯುತ್ತದೆ. ಒಂದೇ ಕ್ಯಾಮೆರಾದಿಂದ ಅರ್ಧ ದೇಹದ ಶಾಟ್ ಮತ್ತು ಮುಖದ ಶಾಟ್ ಎರಡನ್ನೂ ಪಡೆಯಬಹುದು. ಆ ಉಪಯೋಗವಿಲ್ಲದಿದ್ದರೆ, ಕಂಪ್ಯೂಟರ್ ಹಳೆಯದಾಗಿದ್ದರೆ, 1080ಪಿ ಧಾರಾಳವಾಗಿ ಸಾಕು. 1080ರ ಪಕ್ಕದಲ್ಲಿ ‘ಐ’ ಅಕ್ಷರವಿರುವ ಮೋಡ್ ಹಳೆಯ ಕ್ಯಾಮ್‌ಕಾರ್ಡರ್‌ಗಳಲ್ಲಿ ಸಿಗುತ್ತದೆ, ಅದನ್ನು ಮುಟ್ಟಬೇಡಿ, ಚಲನೆಯಿದ್ದ ಕಡೆಯೆಲ್ಲ ಬಾಚಣಿಗೆ ಹಲ್ಲಿನ ಗೆರೆಗಳು ಬರುತ್ತವೆ.

ಎಡಿಟಿಂಗ್ ತಡವರಿಸುವುದಕ್ಕೆ ಫೈಲಿನ ಗಾತ್ರ ಕಾರಣವೆಂದು ಹಲವರ ನಂಬಿಕೆ. ವಾಸ್ತವದಲ್ಲಿ ಚಿಕ್ಕ ಫೈಲೇ ಹೆಚ್ಚು ಕಾಡುತ್ತದೆ. ಎಚ್.264 ಮತ್ತು ಎಚ್.265 ಸಾಮಾನ್ಯವಾಗಿ ಎಲ್ಲ ಫ್ರೇಮ್‌ಗಳನ್ನೂ ಪೂರ್ತಿ ಬರೆಯುವುದಿಲ್ಲ. ಒಂದು ಫ್ರೇಮ್ ಪೂರ್ತಿ ಬರೆದು, ಮುಂದಿನ ಹಲವು ಫ್ರೇಮ್‌ಗಳಲ್ಲಿ ಏನು ಬದಲಾಯಿತೆಂಬುದನ್ನಷ್ಟೇ ಇಡುತ್ತವೆ. ನೇರವಾಗಿ ನೋಡುತ್ತಾ ಹೋಗಲು ಇದು ಸಲೀಸು. ನೀವು ಟೈಮ್‌ಲೈನ್‌ನಲ್ಲಿ ಹಿಂದಕ್ಕೆ ಎಳೆದಾಗ ಕಂಪ್ಯೂಟರ್ ಆ ಒಂದು ಫ್ರೇಮ್ ತೋರಿಸಲು ಹಿಂದಿನ ಪೂರ್ತಿ ಫ್ರೇಮ್‌ವರೆಗೆ ಹೋಗಿ ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕು. ಎಚ್.265 ಅದೇ ಗುಣಮಟ್ಟವನ್ನು ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಕೊಡುತ್ತದೆ, ಬದಲಿಗೆ ಲೆಕ್ಕದ ಹೊರೆಯನ್ನು ಕಂಪ್ಯೂಟರ್ ಮೇಲೆ ಹಾಕುತ್ತದೆ. ಅದರಲ್ಲೂ ಬಣ್ಣದ ವಿವರ ಹೆಚ್ಚಿರುವ 4:2:2 10 ಬಿಟ್ ಬಗೆಯ ಫೈಲನ್ನು ಬಿಡಿಸುವ ಹಾರ್ಡ್‌ವೇರ್ ಅನೇಕ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಇರುವುದಿಲ್ಲ. ಆಗ ಇಡೀ ಕೆಲಸ ಪ್ರೊಸೆಸರ್ ಮೇಲೆ ಬೀಳುತ್ತದೆ.

ಹಳೆಯ ಕಂಪ್ಯೂಟರ್ ಇರುವವರು ಎಚ್.264, 8 ಬಿಟ್ ಆರಿಸಲಿ. ಐಫೋನ್‌ನಲ್ಲಿ ಇದರ ಹೆಸರು ಮೋಸ್ಟ್ ಕಂಪ್ಯಾಟಿಬಲ್. ಈಗಾಗಲೇ ಭಾರವಾದ ಫೈಲುಗಳು ಕೈಯಲ್ಲಿದ್ದರೆ ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗಷ್ಟೇ ಬಳಸುವ ಹಗುರ ನಕಲು, ಮಾಡಿಕೊಳ್ಳಿ. 1280×720 ಅಳತೆಯಲ್ಲಿ ಪ್ರೊರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಪ್ರತಿಗಳನ್ನು ಸಾಫ್ಟ್‌ವೇರೇ ತಯಾರಿಸಿ ಕೊಡುತ್ತದೆ. ಇವುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿಯಾಗಿರುವುದರಿಂದ ಹಿಂದೆ ಮುಂದೆ ಎಳೆದಾಗ ನೀರು ಹರಿದಂತೆ ಓಡುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಮೂಲ ಫೈಲಿಗೆ ಮರಳಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ.

ಬಿಟ್‌ರೇಟ್ ಲೆಕ್ಕ ಸುಲಭ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಅನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್, ನಿಮಿಷಕ್ಕೆ 750 ಮೆಗಾಬೈಟ್, ಗಂಟೆಗೆ 45 ಗಿಗಾಬೈಟ್. 64 ಗಿಗಾಬೈಟ್ ಕಾರ್ಡಿನಲ್ಲಿ 85 ನಿಮಿಷದ ಹತ್ತಿರ ಹಿಡಿಸುತ್ತದೆ. ಕಾರ್ಡಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವ ವೇಗ ಬಹುತೇಕ ಓದುವ ಗರಿಷ್ಠ ವೇಗ, ಅದನ್ನು ನಂಬಬೇಡಿ. ಸಣ್ಣದಾಗಿರುವ ವಿ30, ವಿ60 ಗುರುತು ಹುಡುಕಿ. ವಿ30 ಎಂದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ಭರವಸೆ, ಅಂದರೆ 240 ಎಂಬಿಪಿಎಸ್. 100 ಎಂಬಿಪಿಎಸ್‌ಗೆ ಅದು ಬೇಕಾದಷ್ಟಾಯಿತು. ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವ ಆಲ್-ಐ ಮೋಡ್‌ನಲ್ಲಿ 400 ಎಂಬಿಪಿಎಸ್ ಬರೆಯುವ ಕ್ಯಾಮೆರಾಗೆ ವಿ60 ಬೇಕು, ಇಲ್ಲದಿದ್ದರೆ ರೆಕಾರ್ಡಿಂಗ್ ಅರ್ಧಕ್ಕೆ ನಿಲ್ಲುತ್ತದೆ.

ಬಣ್ಣ ಹೊಂದಿಸುವುದನ್ನು ಎಡಿಟಿಂಗ್‌ಗೆ ಬಿಟ್ಟು ಚಿತ್ರವನ್ನು ಮಾಸಲಾಗಿ ಬರೆಯುವ ಲಾಗ್ ಪ್ರೊಫೈಲ್ ಬಗ್ಗೆ ಒಂದು ಮಾತು. 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತ, 10 ಬಿಟ್‌ನಲ್ಲಿ 1024. ಲಾಗ್ ಇಡೀ ದೃಶ್ಯದ ಬೆಳಕು ನೆರಳನ್ನು ಆ ಹಂತಗಳೊಳಗೆ ಅಮುಕುತ್ತದೆ, ಎಡಿಟಿಂಗ್‌ನಲ್ಲಿ ಅದನ್ನು ಮತ್ತೆ ಹಿಗ್ಗಿಸಬೇಕು. 256 ಹಂತಗಳನ್ನು ಹಿಗ್ಗಿಸಿದರೆ ನೀಲಿ ಆಕಾಶ ನುಣ್ಣಗಿರದೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. 8 ಬಿಟ್ ಕ್ಯಾಮೆರಾದಲ್ಲಿ ಲಾಗ್ ಬೇಡ. ಸಾಧಾರಣ ಪ್ರೊಫೈಲ್ ಇಟ್ಟು ಕಾಂಟ್ರಾಸ್ಟ್, ಶಾರ್ಪ್‌ನೆಸ್ ಒಂದೆರಡು ಹೆಜ್ಜೆ ಇಳಿಸಿದರೆ ಸಾಕು. ವೈಟ್ ಬ್ಯಾಲೆನ್ಸ್ ಮಾತ್ರ ಎಂದೂ ಆಟೊದಲ್ಲಿ ಬೇಡ: ಬಿಸಿಲಿಗೆ 5600 ಕೆಲ್ವಿನ್, ಹಳದಿ ಬಲ್ಬಿಗೆ 3200ರ ಆಸುಪಾಸು ಇಟ್ಟು ಬಿಡಿ. ಇಡೀ ಕ್ಲಿಪ್ ಒಂದೇ ಸಮ ಹಳದಿಯಾಗಿದ್ದರೆ ಒಂದು ತಿದ್ದುಪಡಿಯಲ್ಲಿ ಸರಿಹೋಗುತ್ತದೆ. ಕ್ಲಿಪ್‌ನ ನಡುವೆ ಬಣ್ಣ ಜಾರಿದರೆ ಜಾರಿದಲ್ಲೆಲ್ಲ ಕೀಫ್ರೇಮ್ (ತಿದ್ದುಪಡಿ ಬದಲಾಗುವ ಜಾಗದ ಗುರುತು) ಹಾಕುತ್ತಾ ಕೂರಬೇಕು.

ಧ್ವನಿಯನ್ನು 48 ಕಿಲೊಹರ್ಟ್ಜ್‌ನಲ್ಲಿಡಿ. ಆಟೊ ಲೆವೆಲ್ ಆಫ್ ಇರಲಿ, ಯಾರೂ ಮಾತನಾಡದ ಕ್ಷಣದಲ್ಲಿ ಅದು ಫ್ಯಾನ್ ಸದ್ದನ್ನು ಎತ್ತುತ್ತದೆ, ಒಂದು ಚಪ್ಪಾಳೆ ಬಿದ್ದರೆ ಮುಂದಿನ ಮಾತನ್ನು ಅದುಮುತ್ತದೆ. ಜೋರು ಮಾತಿನ ತುದಿ −12 ಡಿಬಿ ಹತ್ತಿರ ಬರುವಂತೆ ಕೈಯಿಂದ ಹೊಂದಿಸಿ. ಮೀಟರ್ ಸೊನ್ನೆ ಮುಟ್ಟಿ ಒಡೆದ ಧ್ವನಿಯನ್ನು ಪೂರ್ತಿ ಮೊದಲಿನಂತೆ ಮಾಡಲಾಗದು, ತಗ್ಗಾಗಿರುವುದನ್ನು ಎತ್ತಬಹುದು.

ಎವಿಸಿಎಚ್‌ಡಿ ಎಂಬ ಮಾದರಿಯಲ್ಲಿ ಬರೆಯುವ ಕ್ಯಾಮ್‌ಕಾರ್ಡರ್ ಇದ್ದರೆ ಕಾರ್ಡಿನಿಂದ ಎಂಟಿಎಸ್ ಫೈಲುಗಳನ್ನಷ್ಟೇ ಆರಿಸಿ ನಕಲಿಸಬೇಡಿ. ಉದ್ದನೆಯ ರೆಕಾರ್ಡಿಂಗನ್ನು ಕ್ಯಾಮೆರಾ ತುಂಡುಗಳಾಗಿ ಬರೆದಿರುತ್ತದೆ, ಅವನ್ನು ಜೋಡಿಸುವ ಮಾಹಿತಿ ಸುತ್ತಲಿನ ಫೋಲ್ಡರ್‌ಗಳಲ್ಲಿರುತ್ತದೆ. ಅದು ತಪ್ಪಿದರೆ ಜೋಡಣೆಯ ಜಾಗದಲ್ಲಿ ಅರೆಕ್ಷಣ ಧ್ವನಿ ಕಡಿಯುತ್ತದೆ. ಪ್ರೈವೇಟ್ ಎಂಬ ಫೋಲ್ಡರನ್ನು ಇದ್ದ ಹಾಗೆಯೇ ಹಾರ್ಡ್‌ಡಿಸ್ಕ್‌ಗೆ ಹಾಕಿ, ನಕಲು ತೆರೆದು ಪರೀಕ್ಷಿಸಿದ ಮೇಲಷ್ಟೇ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.