ಇಗ್ನಾಲಿನಾ: ನಿಂತ ಮೇಲೂ ಮುಗಿಯದ ಅಣು ಸ್ಥಾವರ

ಲಿಥುವೇನಿಯಾದ ಏಕೈಕ ಅಣು ವಿದ್ಯುತ್ ಕೇಂದ್ರವಾಗಿದ್ದ ಇಗ್ನಾಲಿನಾ ವಿದ್ಯುತ್ ಉತ್ಪಾದಿಸಿದ್ದು 26 ವರ್ಷ. 2009ರ ಡಿಸೆಂಬರ್ 31ರಂದು ಅದರ ಕೊನೆಯ ರಿಯಾಕ್ಟರ್ ನಿಂತಿತು. ಸ್ಥಾವರವನ್ನು ಕಳಚಿ ಮುಗಿಸಲು ಹಾಕಿಕೊಂಡಿದ್ದ ಗಡುವು 2038. ನಡೆಸಿದ ಕಾಲಕ್ಕಿಂತ ಕಳಚುವ ಕಾಲವೇ ಉದ್ದವಾಗಲು ಕಾರಣಗಳು ಅದು ಹುಟ್ಟಿದ ರೀತಿಯಲ್ಲೇ ಇವೆ.

ದೇಶದ ಈಶಾನ್ಯ ಅಂಚಿನ ದ್ರೂಕ್ಷೈ ಸರೋವರದ ದಡದಲ್ಲಿ ಈ ಕೇಂದ್ರ ಕಟ್ಟುವ ತೀರ್ಮಾನ ಸೋವಿಯತ್ ಆಡಳಿತದ್ದು. ನೌಕರರಿಗಾಗಿ 1975ರಲ್ಲಿ ಹೊಸ ಊರೊಂದು ತಲೆಯೆತ್ತಿತು. ಇಂದು ವಿಸಾಗಿನಾಸ್ ಎಂದು ಕರೆಯಲಾಗುವ ಆ ಊರಿಗೆ ಬಂದು ನೆಲೆಸಿದವರಲ್ಲಿ ಹೆಚ್ಚಿನವರು ರಷ್ಯನ್ ಭಾಷಿಕರು. ಅಲ್ಲಿ ಸ್ಥಾಪಿಸಿದ್ದು ಚೆರ್ನೋಬಿಲ್ ಮಾದರಿಯ, ಆದರೆ ಅದಕ್ಕಿಂತ ದೊಡ್ಡದಾದ, ತಲಾ 1,500 ಮೆಗಾವಾಟ್ ಸಾಮರ್ಥ್ಯದ ಎರಡು ಆರ್‌ಬಿಎಂಕೆ (ಗ್ರಾಫೈಟ್ ರಾಶಿಯ ನಡುವೆ ಇಂಧನ ಇಟ್ಟು ನೀರಿನಿಂದ ತಂಪಾಗಿಸುವ ಸೋವಿಯತ್ ವಿನ್ಯಾಸದ) ರಿಯಾಕ್ಟರ್‌ಗಳನ್ನು.

1983ರ ಕೊನೆಯಲ್ಲಿ ಮೊದಲ ರಿಯಾಕ್ಟರಿನ ಆರಂಭಿಕ ಪರೀಕ್ಷೆ ನಡೆಯುತ್ತಿದ್ದಾಗ ತಜ್ಞರ ಕಣ್ಣಿಗೆ ಒಂದು ವಿಪರೀತ ಬಿತ್ತು. ಅಣು ಕ್ರಿಯೆಯನ್ನು ತಗ್ಗಿಸಬೇಕಾದ ನಿಯಂತ್ರಣ ಸಲಾಕೆಗಳನ್ನು ಮೇಲಿನಿಂದ ಕೆಳಗಿಳಿಸಿದಾಗ, ಅವುಗಳ ಕೆಳಗೆ ಜೋಡಿಸಿದ್ದ ಗ್ರಾಫೈಟ್ ಭಾಗವು ಕ್ರಿಯೆಗೆ ಕಡಿವಾಣ ಹಾಕುತ್ತಿದ್ದ ತಳದ ನೀರನ್ನು ಪಕ್ಕಕ್ಕೆ ಸರಿಸಿ, ಕೆಲವು ಕ್ಷಣಗಳ ಮಟ್ಟಿಗೆ ಕ್ರಿಯೆಯನ್ನು ಇನ್ನಷ್ಟು ಏರಿಸುತ್ತಿತ್ತು. ಈ ಸಂಗತಿಯನ್ನು ಇತರ ಸ್ಥಾವರಗಳಿಗೂ ತಿಳಿಸಲಾಯಿತು, ಆದರೆ ದೋಷವನ್ನು ಸರಿಪಡಿಸಲಿಲ್ಲ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಸ್ಫೋಟಕ್ಕೆ ದಾರಿಯಾದ ಕಾರಣಗಳಲ್ಲಿ ಇದೂ ಒಂದು. ಗೊತ್ತಿದ್ದ ಅಪಾಯವನ್ನು ಹಾಗೆಯೇ ಬಿಟ್ಟ ಈ ಅಧ್ಯಾಯವನ್ನು ಅಣುಶಕ್ತಿಯ ಪರ ವಾದಿಸುವವರೂ ವಿರೋಧಿಸುವವರೂ ಸಮಾನವಾಗಿ ನೆನಪಿಡಬೇಕು.

ಅವಘಡದ ನಂತರ ಇಗ್ನಾಲಿನಾದ ಗರಿಷ್ಠ ಉತ್ಪಾದನೆಯನ್ನು ತಗ್ಗಿಸಲಾಯಿತು. 1988ರಲ್ಲಿ ಸ್ವಾತಂತ್ರ್ಯ ಚಳವಳಿಯಾದ ಸಾಯೂದಿಸ್‌ನ ಕರೆಗೆ ಓಗೊಟ್ಟ ಜನ ಸ್ಥಾವರದ ಸುತ್ತ ಮಾನವ ಸರಪಳಿ ರಚಿಸಿದರು. ಮೂರನೆಯ ರಿಯಾಕ್ಟರಿನ ಕಾಮಗಾರಿ ನಿಂತುಹೋಯಿತು. ಆದರೆ ಸ್ವಾತಂತ್ರ್ಯ ಬಂದ ಮೇಲೆ ಅದೇ ಸ್ಥಾವರ ದೇಶದ ಆಸರೆಯಾಯಿತು. 1990ರ ದಶಕದ ಕೆಲವು ವರ್ಷಗಳಲ್ಲಿ ಲಿಥುವೇನಿಯಾದ ವಿದ್ಯುತ್ತಿನ ಶೇ 80ಕ್ಕೂ ಹೆಚ್ಚು ಪಾಲು ಬಂದದ್ದು ಇಲ್ಲಿಂದಲೇ.

ರಿಯಾಕ್ಟರುಗಳಿಗೆ ಪಾಶ್ಚಾತ್ಯ ಮಾದರಿಯ ರಕ್ಷಣಾ ಕವಚವಿಲ್ಲ ಎಂಬ ಕಾರಣಕ್ಕೆ ಐರೋಪ್ಯ ಒಕ್ಕೂಟವು ತನ್ನ ಸದಸ್ಯತ್ವಕ್ಕೆ ಅವುಗಳ ಸ್ಥಗಿತವನ್ನು ಷರತ್ತಾಗಿಸಿತು. ಮೊದಲನೆಯದು 2004ರ ಕೊನೆಯಲ್ಲಿ ನಿಂತಿತು. 2008ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಬಹುತೇಕರು ಸ್ಥಾವರ ಮುಂದುವರಿಯಲಿ ಎಂದರಾದರೂ, ಅರ್ಧದಷ್ಟು ಮತದಾರರೂ ಮತಗಟ್ಟೆಗೆ ಬಾರದ್ದರಿಂದ ಅದು ಊರ್ಜಿತವಾಗಲಿಲ್ಲ. ಹೊಸ ಸ್ಥಾವರದ ಪ್ರಸ್ತಾವವನ್ನು 2012ರಲ್ಲಿ ಜನರೇ ತಿರಸ್ಕರಿಸಿದರು. ವಿದ್ಯುತ್ ರಫ್ತು ಮಾಡುತ್ತಿದ್ದ ದೇಶ ಆಮದಿಗೆ ಕೈಚಾಚಬೇಕಾಯಿತು.

ಸ್ಥಾವರ ನಿಂತಿತೆಂದರೆ ಅಪಾಯ ಕಳೆಯಿತೆಂದಲ್ಲ. ಬಳಸಿದ ಇಂಧನವನ್ನು ಇಡಬೇಕಿದ್ದ ಒಣ ಸಂಗ್ರಹಾಗಾರದ ಕೆಲಸ ವರ್ಷಗಟ್ಟಲೆ ತಡವಾದ್ದರಿಂದ ಎರಡನೆಯ ರಿಯಾಕ್ಟರಿನೊಳಗೆ 2018ರವರೆಗೂ ಇಂಧನ ಉಳಿದಿತ್ತು. ಒಂದು ಯೂನಿಟ್ ವಿದ್ಯುತ್ತೂ ಹುಟ್ಟದಿದ್ದರೂ ಅದನ್ನು ಹಗಲಿರುಳು ಕಾಯಬೇಕಿತ್ತು. ಸುಮಾರು 10 ಮೀಟರ್ ಉದ್ದದ ಇಂಧನ ಜೋಡಣೆಗಳನ್ನು (ಇಂಧನ ತುಂಬಿದ ಕೊಳವೆಗಳ ಕಟ್ಟುಗಳನ್ನು) ದಪ್ಪ ಗೋಡೆಯ ಕೋಣೆಯಲ್ಲಿ ದೂರನಿಯಂತ್ರಿತ ಯಂತ್ರಗಳಿಂದ ಎರಡಾಗಿ ಕತ್ತರಿಸಿ, ಭಾರಿ ಪೀಪಾಯಿಗಳಲ್ಲಿ ಮುಚ್ಚಿಡಲಾಗುತ್ತದೆ. ಇಂಥ 21 ಸಾವಿರಕ್ಕೂ ಹೆಚ್ಚು ಜೋಡಣೆಗಳಿದ್ದವು. ಬಳಸಿದ ಇಂಧನವನ್ನು ತಂಪಾಗಿಡುವ ನೀರಿನ ಕೊಳಗಳಿಂದ ಇಂಧನ ಪೂರ್ತಿ ಖಾಲಿಯಾದದ್ದು 2022ರಲ್ಲಿ.

ಟರ್ಬೈನುಗಳನ್ನು ಕಳಚಿದ್ದಾಗಿದೆ. ಉಳಿದಿರುವುದು ಎಲ್ಲಕ್ಕಿಂತ ಕಠಿಣವಾದ ರಿಯಾಕ್ಟರಿನ ಒಡಲು. ಈ ಗಾತ್ರದ ಆರ್‌ಬಿಎಂಕೆ ಗ್ರಾಫೈಟ್ ರಾಶಿಯನ್ನು ಜಗತ್ತಿನಲ್ಲಿ ಯಾರೂ ಇನ್ನೂ ಪೂರ್ತಿಯಾಗಿ ಬಿಚ್ಚಿಲ್ಲ, ಅನುಕರಿಸಲು ಮುಂಚಿನ ಮಾದರಿಯಿಲ್ಲ. ಆ ಗ್ರಾಫೈಟ್‌ನಲ್ಲಿ ಸೇರಿಕೊಂಡಿರುವ ವಿಕಿರಣಶೀಲ ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಕಾಲ, 5,730 ವರ್ಷ. ಖರ್ಚಿನ ದೊಡ್ಡ ಪಾಲನ್ನು ಐರೋಪ್ಯ ಒಕ್ಕೂಟ ಭರಿಸುತ್ತಿದೆ. ಸ್ಥಗಿತದ ಷರತ್ತು ವಿಧಿಸಿದವರು ಹಣ ಕೊಡುವುದು ನ್ಯಾಯವೇ ಸರಿ. ಆದರೆ ಬಳಸಿದ ಇಂಧನವನ್ನು ಶಾಶ್ವತವಾಗಿ ಹುದುಗಿಸುವ ಭೂಗರ್ಭದ ಜಾಗ ಲಿಥುವೇನಿಯಾದಲ್ಲಿ ಇನ್ನೂ ಸಿದ್ಧವಾಗಿಲ್ಲ. ಅಲ್ಲಿಯವರೆಗೆ ಪೀಪಾಯಿಗಳು ಸ್ಥಾವರದ ಬಳಿಯ ಸಂಗ್ರಹಾಗಾರಗಳಲ್ಲೇ ಇರಬೇಕು.