ಹಿಂದಿನ ಚಕ್ರದ ಏರ್ ಬಲೂನಿಗೆ ಎಷ್ಟು ಗಾಳಿ? ಮೋಟರ್‌ಹೋಮ್ ಕಲಿಯುವವರಿಗೆ ನನ್ನ ಟಿಪ್ಪಣಿ

ಮೋಟರ್‌ಹೋಮ್ (ಒಳಗೇ ವಾಸಿಸುವಂತೆ ಮಾಡಿದ ಗಾಡಿ) ಕೆಲಸದ ಶೆಡ್ಡಿಗೆ ಸೇರಿದ ಮೊದಲ ವಾರ ನಾವು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಪಿಎಸ್‌ಐ ಹೊಡೀಬೇಕು ಸಾರ್?" ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ. ಮೇಸ್ತ್ರಿ ನಂಬರ್ ಹೇಳಲಿಲ್ಲ. ಟೇಪು ಕೈಗಿಟ್ಟು, "ಎತ್ತರ ಅಳೆದು ಬಾ ಹೋಗು" ಅಂದರು.

ಇದು ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಜೊತೆಗೆ ಆಸರೆಯಾಗಿ ಕೂರಿಸುವ ಏರ್ ಬಲೂನಿನ ಮಾತು. ಪೂರ್ತಿ ಗಾಳಿಯ ಮೇಲೆ ನಿಲ್ಲುವ ಬಸ್ಸುಗಳಲ್ಲಿ ಎತ್ತರ ನೋಡಿಕೊಳ್ಳುವ ವಾಲ್ವ್ ಇರುತ್ತದೆ, ಅದೇ ಗಾಳಿ ತುಂಬಿ ಅದೇ ಬಿಡುತ್ತದೆ. ನಮ್ಮ ಗಾಡಿಯಲ್ಲಿ ಆ ವಾಲ್ವ್ ನಾವೇ.

ಬಲೂನು ಹೊರುವ ತೂಕ ಅಂದರೆ ಗಾಳಿಯ ಒತ್ತಡವನ್ನು ಬಲೂನಿನ ವಿಸ್ತೀರ್ಣದಿಂದ ಗುಣಿಸಿದ್ದು. ಒತ್ತಡದ ಇನ್ನೊಂದು ಅಳತೆ ಬಾರ್; 1 ಬಾರ್ ಸುಮಾರು 14.5 ಪಿಎಸ್‌ಐ. ಅಂದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1 ಕೆಜಿ ಅಂತ ಇಟ್ಟುಕೊಳ್ಳಿ. 150 ಚದರ ಸೆಂಟಿಮೀಟರಿನ ಬಲೂನು 2 ಬಾರ್‌ನಲ್ಲಿ ಸುಮಾರು 300 ಕೆಜಿ ಹೊರುತ್ತದೆ. ಗಾಡಿಯ ತೂಕ ಬೇರೆ, ಬಲೂನಿನ ಅಳತೆ ಬೇರೆ ಆದರೆ ಬೇಕಾದ ಒತ್ತಡವೂ ಬೇರೆ. ಪಕ್ಕದ ಗಾಡಿಯವರ ನಂಬರ್ ನಮಗೆ ಯಾಕೆ ಆಗಲ್ಲ ಅಂತ ಈಗ ಗೊತ್ತಾಯಿತಲ್ವಾ?

ಮೊದಲು ತೂಕ. ನೀರು, ಸಿಲಿಂಡರ್, ಹಾಸಿಗೆ, ಜನ ಎಲ್ಲ ತುಂಬಿಕೊಂಡು ವೇಬ್ರಿಡ್ಜ್‌ಗೆ ಹೋಗಿ. ಮಂಡ್ಯದಲ್ಲಿ ಅದಕ್ಕೆ ಬರವಿಲ್ಲ, ಕಬ್ಬಿನ ಲಾರಿಗಳ ಹಿಂದೆ ಕಾಯುವ ತಾಳ್ಮೆ ಇರಬೇಕು ಅಷ್ಟೆ. ಒಮ್ಮೆ ಪೂರ್ತಿ ಗಾಡಿ, ಒಮ್ಮೆ ಹಿಂದಿನ ಚಕ್ರ ಮಾತ್ರ. ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ತೂಕ ಕಂಪನಿ ಕೊಟ್ಟ ಮಿತಿ ದಾಟಿದ್ದರೆ ಸಾಮಾನು ಇಳಿಸಬೇಕು. ಬಲೂನು ಹಾಕಿದ್ದಕ್ಕೆ ಆ ಮಿತಿ ಒಂದು ಕೆಜಿಯೂ ಏರುವುದಿಲ್ಲ.

ಎತ್ತಿನ ಗಾಡಿಗೆ ಹಿಂದೆ ಜಾಸ್ತಿ ಕಬ್ಬು ಹೇರಿದರೆ ನೊಗ ಮೇಲೇಳುವುದನ್ನು ನೋಡಿದ್ದೀರಲ್ಲ, ಮೋಟರ್‌ಹೋಮಿನಲ್ಲೂ ಅದೇ ಕಥೆ. ಮುಂದಿನ ಹಿಂದಿನ ಚಕ್ರಗಳ ನಡುವೆ 4 ಮೀಟರ್ ಇದೆ, ಹಿಂದಿನ ಆಕ್ಸಲ್‌ನಿಂದ 1.5 ಮೀಟರ್ ಆಚೆ 80 ಕೆಜಿಯ ಸ್ಕೂಟರ್ ಕಟ್ಟಿದಿರಿ ಅಂದುಕೊಳ್ಳಿ. ಮುಂದೆ 30 ಕೆಜಿ ಹಗುರಾಗುತ್ತದೆ, ಹಿಂದೆ 110 ಕೆಜಿ ಏರುತ್ತದೆ. ಮೇಸ್ತ್ರಿ ಇದನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸುವವರೆಗೆ ನಾನು ನಂಬಿರಲಿಲ್ಲ.

ಆಮೇಲೆ ಎತ್ತರ. ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಬೇಡ, ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ನಮ್ಮ ಗಾಡಿ ಖಾಲಿ ಇದ್ದಾಗ ಎರಡೂ ಕಡೆ 512 ಮಿಮೀ. ತುಂಬಿದಾಗ ಎಡಕ್ಕೆ 468, ಬಲಕ್ಕೆ 459. ನೀರಿನ ಟ್ಯಾಂಕ್ ಬಲಕ್ಕಿತ್ತು. 100 ಲೀಟರ್ ನೀರು ಅಂದರೆ 100 ಕೆಜಿ, ಸುಮ್ನೆ ಅಲ್ಲ. ಸೈಕಲ್ ಪಂಪಿನಲ್ಲಿ ಸ್ವಲ್ಪ ಸ್ವಲ್ಪ ಹೊಡೆದೆವು. ಬಲೂನು ಚಿಕ್ಕದು, ಕಂಪ್ರೆಸರ್ ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಜಾಸ್ತಿಯಾಗುತ್ತದೆ. ಎಡಕ್ಕೆ 2.4, ಬಲಕ್ಕೆ 2.9 ಬಾರ್ ಬಂದಾಗ ಎರಡೂ ಕಡೆ 495 ಆಯಿತು. ಗಾಡಿ ಮಟ್ಟಸವಾಗಿ ನಿಂತಿತು, ಅಲ್ಲಿಗೆ ಬಿಟ್ಟೆವು. ಬಲೂನಿನ ಕಿಟ್ಟಿನ ಕಾಗದದಲ್ಲಿರುವ ಕನಿಷ್ಠ, ಗರಿಷ್ಠ ಒತ್ತಡ ಮಾತ್ರ ಮೀರಬೇಡಿ. ಲೀಫ್‌ಗಳು ಒಂದಕ್ಕೊಂದು ಉಜ್ಜಿ ಹಿಡಿದುಕೊಂಡಿರುತ್ತವೆ, ಹಾಗಾಗಿ ಎರಡು ಹಂಪ್ ಹತ್ತಿಳಿಸಿ ಬಂದು ಮತ್ತೆ ಅಳೆಯಿರಿ.

ಎರಡೂ ಬಲೂನಿಗೆ ಒಂದೇ ಪೈಪಿನಿಂದ ಗಾಳಿ ಕೊಡಬೇಡಿ. ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಆಚೆ ಕಡೆಗೆ ಓಡಿ, ಗಾಡಿ ಇನ್ನಷ್ಟು ವಾಲುತ್ತದೆ.

ಜಾಸ್ತಿ ಹೊಡೆದರೆ ಹಿಂಭಾಗ ಕುಪ್ಪಳಿಸುತ್ತದೆ, ಹೆಡ್‌ಲೈಟ್ ನೆಲ ನೋಡುತ್ತದೆ. ಇದಾದರೂ ಕಣ್ಣಿಗೆ ಕಾಣುತ್ತದೆ. ಕಾಣದ್ದು ಬ್ರೇಕು. ಕೆಲವು ಗಾಡಿಗಳಲ್ಲಿ ಹಿಂದಿನ ಬ್ರೇಕಿನ ಜೋರನ್ನು ಹಿಂಭಾಗದ ಎತ್ತರ ನೋಡಿ ತೀರ್ಮಾನಿಸುವ ವಾಲ್ವ್ ಇದೆ. ಬಲೂನು ಎತ್ತಿ ಹಿಡಿದರೆ ಅದು ಗಾಡಿ ಖಾಲಿ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಬಲೂನು ಕೂರಿಸಿದ ಮೇಲೆ ಆ ವಾಲ್ವನ್ನು ಗೊತ್ತಿರುವವರಿಂದ ಹೊಂದಿಸಿಕೊಳ್ಳದೆ ರಸ್ತೆಗಿಳಿಯಬೇಡಿ.

ಗೇಜ್ ನೋಡುವುದು ಬೆಳಗಿನ ತಂಪಿನಲ್ಲಿ. 18 ಡಿಗ್ರಿಯಲ್ಲಿ 3 ಬಾರ್ ಇದ್ದದ್ದು 33 ಡಿಗ್ರಿಗೆ ಸುಮಾರು 3.2 ಆಗುತ್ತದೆ. ಗೇಜ್ ಹಚ್ಚಿದಾಗಲೂ ಒಂದಿಷ್ಟು ಗಾಳಿ ಹೋಗುತ್ತದೆ, ದಿನಕ್ಕೆ ನಾಲ್ಕು ಸಲ ನೋಡಿ ಗಾಬರಿಯಾಗಬೇಡಿ. ನಮ್ಮ ಎಡ ಬಲೂನು ಮಾತ್ರ ಒಂದೇ ರಾತ್ರಿಗೆ ಅರ್ಧ ಬಾರ್ ಇಳಿದಿತ್ತು. ಸೋಪಿನ ನೀರು ಹಚ್ಚಿದೆವು. ವಾಲ್ವಿನ ಪಿನ್ ಹತ್ತಿರ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು ನಿಂತಿತು.